ಮುಟ್ಟಬೇಡಿ

ಸೋಪಿನ ವಾಸನೆ ಹೊಡೆಯುತ್ತಿದ್ದ, ಇಸ್ತ್ರಿ ಮಾಡಿ ಮಡಿಸಿದ ಲಂಗವನ್ನು ಹೆಡ್‌ಕಾನ್‌ಸ್ಟೇಬಲ್ ಚಾಮಯ್ಯ ಮೇಜಿನ ಮೇಲಿಟ್ಟಾಗ ಸಬ್‌ಇನ್‌ಸ್ಪೆಕ್ಟರ್ ನಯನ ಕುರ್ಚಿಯಿಂದ ಎದ್ದೇಬಿಟ್ಟಳು. ಅಂಚಿಗೆ ಅರಿಶಿನ ಕುಂಕುಮ ಬೇರೆ!

"ಇದು ಹಿಂದಿನ ರೂಮಲ್ಲಿ ಒಣಗೋಕೆ ಹಾಕಿದ್ದಲ್ವೇನ್ರೀ?"

"ಊಂ ಮೇಡಂ. ಆಯುಧಪೂಜೆ ಅಲ್ವರಾ? ಲಾಠಿ, ಜೀಪು ಎಲ್ಲಾ ತೊಳುದ್ವಿ. ಇದೊಂದು ಕೆಸರಾಗಿ ನೇತಾಡ್ತಿತ್ತು. ಒಂದು ಕಲೆ ಉಳ್ದಿದ್ರೆ ಕೇಳಿ!"

"ಮುಟ್ಟಬೇಡಿ ಅಂತ ಹೇಳಿ ಹೋಗಿದ್ನಲ್ರೀ!"

"ಮುಟ್ನಿಲ್ಲ ಮೇಡಂ, ದೇವ್ರಾಣೆ. ಎಂಗಸ್ರ ಬಟ್ಟೆ, ಮೈಲ್ಗೆ ಇರ್ಬೇಕು ಅಂದ್ಕಂಡು ಲಾಠೀಲೇ ಎತ್ತಿ ಬಕೀಟಿಗಾಕ್ದೆ. ಮಡಿ ಆದ್ಮ್ಯಾಲೇನೆ ಮುಟ್ಟಿದ್ದು."

ನಯನ ಹಣೆ ಚಚ್ಚಿಕೊಂಡಳು. ಬೇಕಾಗಿದ್ದೇ ಆ ಕಲೆ. ಹೆಡತಲೆ ಎಂಬ ಊರಿನ ಹುಡುಗಿಯನ್ನು ಕಬ್ಬಿನ ಗದ್ದೆಗೆ ಎಳೆದೊಯ್ದು ಅತ್ಯಾಚಾರ ಮಾಡಿದವನು, ಅವಳ ಮುಖವನ್ನೇ ಕಂಡಿಲ್ಲವೆಂದು ಆಣೆ ಹಾಕುತ್ತಿದ್ದ. ಕಣ್ಣಾರೆ ಕಂಡವರಿಲ್ಲ. ಮನೆಯವರು ಹುಡುಗಿಗೆ ಆಗಲೇ ತಲೆಗೆ ನೀರೆರೆದಿದ್ದರಿಂದ ಡಾಕ್ಟರಿಗೂ ಏನೂ ಸಿಕ್ಕಿರಲಿಲ್ಲ. ಉಳಿದಿದ್ದು ಈ ಲಂಗವೊಂದೇ. ಬೆಂಗಳೂರಿನ ಲ್ಯಾಬಿನಲ್ಲಿ ಇದರ ಕಲೆಯ ಡಿಎನ್‌ಎ ಅವನ ರಕ್ತದ ಡಿಎನ್‌ಎಗೆ ತಾಳೆಯಾಗಿದ್ದರೆ ಅವನ ಆಣೆ ಮಣ್ಣುಪಾಲಾಗುತ್ತಿತ್ತು. ಹಸಿ ಬಟ್ಟೆ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆಂದು ನೆರಳಲ್ಲಿ ಹರವಿ, ದಸರಾ ಬಂದೋಬಸ್ತಿಗೆಂದು ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಈ ಮಹಾನುಭಾವನ ಭಕ್ತಿ ಉಕ್ಕಿ ಹರಿದಿತ್ತು. ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಬೈಯೋಣವೆಂದರೆ ಯಾವ ಬೈಗುಳವೂ ಸಾಲದು. ಚಾಮಯ್ಯನೋ, ಏನು ತಪ್ಪಾಯಿತೆಂದು ತಿಳಿಯದೆ ಪಿಳಿಪಿಳಿ ನೋಡುತ್ತಿದ್ದ.

ಅದೇ ಹೊತ್ತಿಗೆ ಹುಡುಗಿಯ ತಾಯಿ ಚಿಕ್ಕಬಸಮ್ಮ ಬಾಗಿಲಿಗೆ ಬಂದಳು.

"ಬಟ್ಟೆ ಬೆಂಗ್ಳೂರ್ಗೆ ಓಯ್ತಾ ತಾಯಿ?"

ಅಷ್ಟರಲ್ಲಿ ಅವಳ ಕಣ್ಣು ಮೇಜಿನ ಕಡೆ ಹೋಯಿತು. ಚಾಮಯ್ಯ ಎರಡು ಹೆಜ್ಜೆ ಹಿಂದೆ ಸರಿದ.

"ಕಳಿಸ್ತೀನಿ ಕಣಮ್ಮ," ಎಂದಳು ನಯನ. "ಒಗೆದ್ರೂ ಒಂದೊಂದು ಸಲ ಸಿಗುತ್ತಂತೆ." ತನ್ನ ಮಾತು ತನಗೇ ಟೊಳ್ಳಾಗಿ ಕೇಳಿಸಿ ನಾಚಿಕೆಯಾಯಿತು.

ಚಿಕ್ಕಬಸಮ್ಮ ಲಂಗವನ್ನು ಎತ್ತಿ ಮೂಸಿ ನೋಡಿದಳು. ಇಸ್ತ್ರಿಯ ಮಡಿಕೆ ಕೆಡದಂತೆ ಅದನ್ನು ಮತ್ತೆ ಮೇಜಿನ ಮೇಲಿಟ್ಟಳು.

"ಅತ್ತೆ ಒಗಿ ಅಂದ್ರು. ವಾರಗಿತ್ತಿ ಒಗಿ ಅಂದ್ಲು. ಕೇರಿಯೋರೆಲ್ಲ ಬಂದು ಒಗಿ ಒಗಿ ಅಂದ್ರು. ಬ್ಯಾಡ ಅಂದೋರು ನೀವೊಬ್ರೇ ಕಣವ್ವ."