ಹಗೇವಿನ ಕೋಲು

“ಮೂವತ್ತು ಚೀಲ,” ಎಂದ ಪ್ರಭುಲಿಂಗಪ್ಪ, ಹಗೇವಿನ ಬಾಯಿಂದ ತನ್ನ ಹೊಸ ತೇಗದ ಕೋಲನ್ನು ಮೇಲಕ್ಕೆಳೆಯುತ್ತ. “ಒಂದು ಹೆಚ್ಚಿಲ್ಲ, ಒಂದು ಕಡಿಮಿ ಇಲ್ಲ.”

ಬೆಳವಣಕಿಯ ಆ ಅಂಗಳದಲ್ಲಿದ್ದವರೆಲ್ಲ ಅವನ ತಾಯಿಯತ್ತ ತಿರುಗಿದರು. ರೋಣದ ಬೋರ್ಡಿಂಗಿನ ಹುಡುಗರ ಊಟಕ್ಕೆ ಮೂವತ್ತೈದು ಚೀಲ ಜೋಳ ಕೊಡುತ್ತೇನೆಂದು ಅವನ ತಾಯಿ ಸಿದ್ದಲಿಂಗವ್ವ ಹತ್ತು ಜನರೆದುರು ಮಾತು ಕೊಟ್ಟಿದ್ದಳು. ಆ ಮಾತು ನಂಬಿ ಬೋರ್ಡಿಂಗಿನ ಅಂದಾನಪ್ಪ ನಾಲ್ಕು ಚಕ್ಕಡಿ ಹೂಡಿಕೊಂಡು ಬಂದಿದ್ದ. ನೆಲದೊಳಗಿನ ಆ ಕಣಜದಲ್ಲಿ ಮೂವತ್ತೆಂಟು ಚೀಲವಿದೆ ಎಂದು ಅವಳ ಹಳೆಯ ಬಿದಿರುಕೋಲು ಹೇಳಿತ್ತು.

“ಯವ್ವಾ, ನಿನ್ನ ಕೋಲು ನೀನ ನೋಡು. ತುದೀಗೆ ಗೆರಿ ದೂರ ದೂರ, ನಡುವ ಒತ್ತೊತ್ತಾಗಿ. ಯಾರೋ ಕಣ್ಣು ಮುಚ್ಚಿ ಕೊಯ್ದಂಗ ಅದ. ನಾ ಎಂಟು ಮೊಳಾನ ಅರವತ್ತು ಸಮಪಾಲು ಮಾಡೀನಿ. ತುಂಬಿದ್ರ ಅರವತ್ತು, ಅರ್ಧ ಆದ್ರ ಮೂವತ್ತು.” ಐವತ್ತಾರನೇ ಇಸವಿಯಲ್ಲಿ ಧಾರವಾಡದಿಂದ ಗಣಿತದ ಬಿ.ಎಸ್ಸಿ. ಮುಗಿಸಿ ಬಂದು ರೋಣದಲ್ಲಿ ಮಾಸ್ತರನಾಗಿದ್ದ ಪ್ರಭುಲಿಂಗಪ್ಪ, ಅವ್ವನಿಗೆಂದೇ ಎರಡು ಭಾನುವಾರ ಕೂತು, ಫೂಟುಪಟ್ಟಿ ಹಿಡಿದು ಆ ಗೆರೆಗಳನ್ನು ಕೊರೆದಿದ್ದ.

“ಬಿ.ಎಸ್ಸಿ. ಮಾಸ್ತರ ಅಂದ ಮ್ಯಾಲ ಇನ್ನೇನದರಿ,” ಎಂದು ಅಂದಾನಪ್ಪ ಕೊನೆಯ ಚಕ್ಕಡಿಯವನಿಗೆ ತಿರುಗಿಸಿಕೊಳ್ಳಲು ಕೈ ಮಾಡಿದ.

“ಎತ್ತು ನಿಂದರಸ್ರಿ,” ಎಂದಳು ಸಿದ್ದಲಿಂಗವ್ವ. ದನಿ ಏರಿರಲಿಲ್ಲ. “ಪ್ರಭೂ, ಐದು ಚೀಲ ತಗದ್ರ ನಿನ್ನ ಕೋಲಿನ ಪ್ರಕಾರ ಕಾಳು ಎಷ್ಟು ಇಳೀಬೇಕು?”

ಅವನು ಗೆರೆ ಎಣಿಸಿದ. “ಒಂದು ಫೂಟು.”

“ನಂದು ಗೇಣಿಗೂ ಕಮ್ಮಿ ಅಂತದ. ತಗೀರಿ.”

ಮುಂಜಾನೆಯಿಂದ ಗಾಳಿಗೆ ಬಿಟ್ಟಿದ್ದ ಹಗೇವಿಗೆ ಆಳು ಈಶಪ್ಪ ಎರಡೂ ಭುಜ ತಿಕ್ಕಿಸಿಕೊಂಡು ಇಳಿದ. ಐದು ಚೀಲ ಮೇಲೆ ಬಂದವು. ಅವನು ಕಾಳನ್ನು ಸಮ ಮಾಡಿದ ಮೇಲೆ ಪ್ರಭುಲಿಂಗಪ್ಪ ತಾನೇ ಕೋಲು ಬಿಟ್ಟು ನೋಡಿದ. ಮತ್ತೊಮ್ಮೆ ಬಿಟ್ಟು ನೋಡಿದ. ಗೇಣಿಗೆ ಎರಡು ಬೆರಳು ಕಡಿಮೆ.

ಅವನು ಮಂಡಿಯೂರಿ ಒಳಗೆ ಬಗ್ಗಿದ. ಕೆಳಗೆ ಈಶಪ್ಪ ಮೈ ಮುರಿಯುತ್ತ ಎರಡೂ ತೋಳು ಚಾಚಿದ್ದ. ಬೆರಳು ಯಾವ ಕಡೆಯ ಗೋಡೆಗೂ ತಾಗಿರಲಿಲ್ಲ.

“ಕೊರಳು ಸಣ್ಣದು, ಹೊಟ್ಟಿ ದೊಡ್ಡದು,” ಎಂದಳು ಸಿದ್ದಲಿಂಗವ್ವ. “ಹಗೇವು ತೋಡಿಸಿದ ವರ್ಷ ಒಂದೊಂದ ಚೀಲ ಸುರುವಿ, ಪ್ರತಿ ಸಲ ಕೋಲು ಬಿಟ್ಟು ಗೆರಿ ಕೊಯ್ದೀನಿ. ಅರವತ್ತು ಸಲ. ಅವತ್ತು ನೀ ನನ್ನ ಬಗಲಾಗಿನ ಕೂಸಿದ್ದಿ.”

ಪ್ರಭುಲಿಂಗಪ್ಪ ಬಿದಿರುಕೋಲನ್ನು ಕೈಗೆತ್ತಿಕೊಂಡು ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದ. ಒಂದು ಆಳಕ್ಕೆ ಒಂದೇ ಉತ್ತರ, ಎರಡಿಲ್ಲ. ಇದಕ್ಕೇ ಫಂಕ್ಷನ್ ಅನ್ನುತ್ತಾರೆ ಎಂದು ಬುಧವಾರವಷ್ಟೇ ತರಗತಿಯಲ್ಲಿ ಹೇಳಿ, ಹಲಗೆಯ ಮೇಲೆ ಒಂದು ನೇರ ಗೆರೆ ಎಳೆದು ಬಂದಿದ್ದ. ಕೊರಳಲ್ಲಿ ನಿಧಾನ, ಹೊಟ್ಟೆಯಲ್ಲಿ ಜೋರು, ತಳದಲ್ಲಿ ಮತ್ತೆ ನಿಧಾನವಾಗಿ ಏರಿ ಬಾಗುವ ಗೆರೆಯೊಂದು ಈ ಕೋಲಾಗಿ ಇಪ್ಪತ್ತೆರಡು ವರ್ಷದಿಂದ ತನ್ನ ಮನೆಯ ಜಂತಿಗೇ ನೇತುಬಿದ್ದಿತ್ತು. ಸೋತೆನೆಂದು ಅನ್ನಿಸಲಿಲ್ಲ. ಎದೆ ತುಂಬಿ ಬಂತು.

“ಅಂದಾನಪ್ಪಾರ, ನಾಲ್ಕೂ ಚಕ್ಕಡಿ ತುಂಬ್ರಿ,” ಎಂದ, ಓಣಿಗೇ ಕೇಳುವಂತೆ. “ನಮ್ಮವ್ವನ ಲೆಕ್ಕ ಖರೇ.”

“ಹಂಗಾದ್ರ ನಾಳಿಂದ ಸಾಲಿಗೆ ಅವರನ್ನ ಕಳಸ್ರಿ, ಮಾಸ್ತರ.”

“ನಾಳಿಗೆ ಈ ಕೋಲು ಬರ್ತದ್ರಿ,” ಎಂದು ಪ್ರಭುಲಿಂಗಪ್ಪ ನಕ್ಕ. ತೇಗದ ಕೋಲನ್ನು ಮುರಿಯಲೆಂದು ಮೊಣಕಾಲಿಗಿಟ್ಟ.

ಸಿದ್ದಲಿಂಗವ್ವ ಅದನ್ನು ಕಸಿದುಕೊಂಡು ಸೆರಗಿನಿಂದ ಧೂಳು ಒರೆಸಿದಳು.

“ಮುರೀಬ್ಯಾಡ. ನಮ್ಮ ಬಾವಿ ಮ್ಯಾಲಿಂದ ತಳದ ತನಕ ಒಂದೇ ಅಗಲ ಅದ. ಅಲ್ಲಿ ನಿಂದೂ ಖರೇ ಹೇಳ್ತದ.”