ಸರ್ಕಲ್‌ನಲ್ಲಿ ಕಟ್ಟಿದ ಹಳದಿ ಫ್ಲೆಕ್ಸ್

ಬಾಂಬ್ ಸಿಡಿದದ್ದು ಎಲ್ಲೋ ದೂರದ ಊರಿನ ಮಾರ್ಕೆಟ್ಟಿನಲ್ಲಿ...

ಸತ್ತವರಲ್ಲಿ ಒಬ್ಬರು ಮಾತ್ರ ಅರಸೀಕೆರೆಯವರು. ಪ್ರವಾಸಕ್ಕೆ ಹೋಗಿದ್ದ ಡ್ರಿಲ್ ಮೇಷ್ಟ್ರು ಲೋಕೇಶಪ್ಪ.

ಎರಡೇ ದಿನದಲ್ಲಿ ಊರಿನ ಟೀ ಅಂಗಡಿಯಲ್ಲಿ ಮೂರು ಯುದ್ಧ ಮುಗಿದಿದ್ದವು.

"ನನ್ ಕೈಗೆ ಕೊಡ್ಲಿ, ಅರ್ಧ ಗಂಟೆ ಸಾಕು" ಎನ್ನುತ್ತಿದ್ದವರು, ಮನೆಯಿಂದ ಫೋನ್ ಬಂದರೆ ಸೊಪ್ಪು ತರಲು ಎದ್ದು ಹೋಗುತ್ತಿದ್ದರು.

ಪಕ್ಕದಲ್ಲೇ ರುದ್ರಸ್ವಾಮಿಯ ಫ್ಲೆಕ್ಸ್ ಅಂಗಡಿ. ಬೆಳಿಗ್ಗೆಯೇ ವಾರ್ಡಿನ ಮುಖಂಡ ಗಂಗಣ್ಣ ಬಂದು ಕುಳಿತ.

"ಶ್ರದ್ಧಾಂಜಲಿ ಫ್ಲೆಕ್ಸು ರುದ್ರಣ್ಣ. ಮಧ್ಯಾಹ್ನದೊಳಗೆ ಮೇಷ್ಟ್ರ ಬೀದಿ ಸರ್ಕಲ್‌ನಲ್ಲಿ ಇರ್ಬೇಕು. ಆ ಕಡೆ ಗುಂಪಿನೋರು ಕಟ್ಟೋಕೆ ಮುಂಚೆ."

ಟೈಮ್ ಇರಲಿಲ್ಲ. ರುದ್ರಸ್ವಾಮಿ ಹೋದ ವಾರದ ಗಂಗಣ್ಣನ ಹಳದಿ ಬರ್ತ್‌ಡೇ ಫ್ಲೆಕ್ಸನ್ನೇ ಕಂಪ್ಯೂಟರ್‌ನಲ್ಲಿ ತೆರೆದ. 'ಹಾರ್ದಿಕ ಶುಭಾಶಯಗಳು' ಅಳಿಸಿ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆದ. ಗಂಗಣ್ಣನ ಜಾಗಕ್ಕೆ ಮೇಷ್ಟ್ರು ಬಂದರು, ಗಂಗಣ್ಣ ಪಕ್ಕಕ್ಕೆ ಸರಿದ. ಹಿಂದೆ ಕಪ್ಪು ಬಣ್ಣ, ಮುಂದೊಂದು ದೀಪ...

"ಕಪ್ಪು ಬೇಡಪ್ಪ, ಮೊದ್ಲೇ ನಾನು ಕಪ್ಪು. ಹಳದೀನೇ ಇರ್ಲಿ."

"ದೀಪ?"

"ತೆಗಿ. ನಮ್ ಹುಡುಗ್ರ ಮುಖ ಮುಚ್ಚೋಗ್ತದೆ."

ಫೋಟೊದ ಹಾರವೂ ಹೋಯಿತು. ಅಲ್ಲಿ ಜಿಲ್ಲಾ ಮುಖಂಡರು ಬಂದು ನಿಂತರು. ಒಟ್ಟು ಹದಿನಾಲ್ಕು ಮುಖ, ಎಲ್ಲರೂ ನಗುತ್ತಾ ಕೈ ಮುಗಿದವರು.

ಗಿರಾಕಿ ಹೇಳಿದ್ದನ್ನು ಪ್ರಿಂಟ್ ಮಾಡುವುದು ರುದ್ರಸ್ವಾಮಿಗೆ ಇಪ್ಪತ್ತು ವರ್ಷದ ಅಭ್ಯಾಸ. ಮಧ್ಯಾಹ್ನಕ್ಕೆ ಫ್ಲೆಕ್ಸ್ ಸರ್ಕಲ್‌ನಲ್ಲಿತ್ತು.

ಮೂರು ಗಂಟೆಗೆ ಮೇಷ್ಟ್ರ ತಂಗಿ ಸುವರ್ಣ ಅಂಗಡಿಗೆ ಓಡಿ ಬಂದಳು.

"ಅಣ್ಣ, ಸರ್ಕಲ್‌ದು ಬಿಚ್ಚಿಸ್ಬಿಡಿ... ಅಮ್ಮಂಗೆ ಇನ್ನೂ ಹೇಳಿಲ್ಲ."

ರುದ್ರಸ್ವಾಮಿ ಮೌಸ್ ಬಿಟ್ಟು ಎದ್ದ.

"ಹಾರ್ಟ್ ಆಪರೇಷನ್ ಆಗಿದೆ ಅವರಿಗೆ. ನಾಳೆ ಬೆಳಿಗ್ಗೆ ನಮ್ಮಣ್ಣನ್ನ ತರ್ತಾರೆ. ಆಗ ಡಾಕ್ಟ್ರನ್ನ ಪಕ್ಕದಲ್ಲಿ ಇಟ್ಕೊಂಡು ಹೇಳೋಣ ಅಂತ... ಟೀವಿ ಕೇಬಲ್ ಕಿತ್ತಿದೀವಿ. ಬೀದಿಯೋರಿಗೆಲ್ಲ ಹೇಳಿದೀವಿ. ಇದೊಂದು ನಮ್ ಕೈಲಿರ್ಲಿಲ್ಲ."

ರುದ್ರಸ್ವಾಮಿ ಏಣಿ ಹೊತ್ತು ನಡೆದೇ ಹೊರಟ. ಗಾಡಿ ನೆನಪಾದದ್ದು ಅರ್ಧ ದಾರಿಯಲ್ಲಿ.

ಫ್ಲೆಕ್ಸ್ ಕೆಳಗೆ ಹಾಲಿನ ಪಾತ್ರೆ ಹಿಡಿದ ಮುದುಕಿಯೊಬ್ಬಳು ತಲೆಯೆತ್ತಿ ನಿಂತಿದ್ದಳು. ಮೇಷ್ಟ್ರ ತಾಯಿ, ಪುಟ್ಟಮಲ್ಲಮ್ಮ.

ತಡವಾಗಿತ್ತು...

ಅವಳು ತಿರುಗಿದಳು. ಮುಖದ ತುಂಬ ನಗು.

"ಯಾವ ಪ್ರಶಸ್ತಿ ಬಂತಪ್ಪ ನಮ್ ಲೋಕೇಶಂಗೆ? ಇಷ್ಟೊಂದ್ ಜನ ದೊಡ್ಡೋರು ನಗ್ತಾ ಕೈ ಮುಗೀತಾವ್ರೆ... ನಂಗೆ ಓದಕ್ ಬರಲ್ಲ. ಏನ್ ಬರ್ದವ್ರೆ, ಒಂಚೂರು ಹೇಳು."

ಆ ಅಕ್ಷರ ಕೂರಿಸಿದವನು ಅವನೇ. ಓದಲು ಅವನಿಂದಾಗಲಿಲ್ಲ.

"ಹಗ್ಗ ಸರಿಯಾಗಿ ಕಟ್ಟಿಲ್ಲ ಅಮ್ಮ... ಬಿಚ್ಚಿ ಸರಿ ಮಾಡ್ತೀನಿ."

"ಮಾಡು, ಮಾಡು. ನಾಳೆ ಬತ್ತಾನೆ. ಅವ್ನು ಬರೋ ಹೊತ್ಗೆ ಕಟ್ಬಿಡಪ್ಪ... ಅವ್ನೂ ನೋಡ್ಲಿ."

ರುದ್ರಸ್ವಾಮಿ ಏಣಿ ಹತ್ತಿದ. ಕಣ್ಣು ಮಂಜಾಗಿ ಗಂಟು ಸಿಗಲಿಲ್ಲ. ಇಳಿಸಿದ ಮೇಲೆ, ಮೇಷ್ಟ್ರ ಮುಖ ಮಡಿಕೆಗೆ ಸಿಗದ ಹಾಗೆ ಮೆಲ್ಲಗೆ ಸುತ್ತಿದ. ಆ ತಾಯಿ ಒಂದು ತುದಿ ಹಿಡಿದು ಸಹಾಯ ಮಾಡಿದಳು.

ಮರುದಿನ ಮೇಷ್ಟ್ರು ಬಂದರು.

ಫ್ಲೆಕ್ಸ್ ಬರಲಿಲ್ಲ...

ಈಗ ಶ್ರದ್ಧಾಂಜಲಿ ಆರ್ಡರ್ ತಂದವರಿಗೆ ರುದ್ರಸ್ವಾಮಿಯದು ಒಂದೇ ಪ್ರಶ್ನೆ. "ಮನೆಯೋರನ್ನ ಕೇಳಿದೀರಾ?" ಹಲವರು ಎದ್ದು ಎದುರಿನ ಅಂಗಡಿಗೆ ಹೋಗುತ್ತಾರೆ. ಅವನು ತಡೆಯುವುದಿಲ್ಲ.

ದುಃಖದ ಮನೆಗೆ ನಮ್ಮ ಮುಖಕ್ಕಿಂತ ಮೊದಲು ನಮ್ಮ ಮೌನ ತಲುಪಲಿ.

ಅಂಥ ದಿನ ನೀವು ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿದ, ತೀರಿಕೊಂಡವರ ಆ ಫೋಟೊ ಇದೆಯಲ್ಲ... ಆ ಹೊತ್ತಿಗೆ ಅವರ ಅಮ್ಮನಿಗೆ ಗೊತ್ತಿತ್ತಾ?