ಆಟದ ಸಾಮಾನು

"ನೋಡಿ, ದುಡ್ಡೂ ನಂದೇ, ಮಾತೂ ನಂದೇ. ದಸರೆಗೆ ಮುಂಚೆ ತಂದಿದ್ದು, ದಸರೆ ಮುಗಿಯೋದ್ರೊಳಗೆ ಕರಕರ ಅಂತಿದೆ. ಕೇಳಿಸ್ತಾ? ತಗೋಬೇಡಿ, ಅಷ್ಟೇ!"

ದುರ್ಗಿಗುಡಿಯ ಮನೆಯ ಹಾಲಿನಲ್ಲಿ ಕೂತು ಮಲ್ಲಿಕ್ ಹೊಸ ವಿಡಿಯೋ ಗೇಮ್ ಮೆಷಿನ್ನಿನ ಮಾನ ಹರಾಜು ಹಾಕಿ, ಆ ವಿಡಿಯೋವನ್ನು ಊರಿಗೆಲ್ಲ ಕಾಣುವಂತೆ ಬಿಟ್ಟ. ಕೆಲಸಕ್ಕಿದ್ದ ಮೊಬೈಲ್ ಅಂಗಡಿ ಬಾಗಿಲು ಹಾಕಿಕೊಂಡ ಮೇಲೆ ಅವನು ಹಿಡಿದ ದಾರಿ ಇದು. ಇಯರ್‌ಫೋನ್, ಟಿವಿ, ಗೇಮ್, ಯಾವುದೇ ಇರಲಿ, ಕೊಂಡು ತಂದು, ಬಳಸಿ ನೋಡಿ, ಅನ್ನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುವುದು. ಅಂಗಡಿಯವರು ಕಾಫಿ ಕುಡಿಸಿ ಎರಡು ಒಳ್ಳೆಯ ಮಾತು ಬೇಡಿದರೂ ಆಸಾಮಿ ಜಗ್ಗುತ್ತಿರಲಿಲ್ಲ. ಅವನ ಮಾತು ನಂಬಿ ನೋಡುವವರು ಹೆಚ್ಚಿದಷ್ಟೂ ಅವನ ಕೈಗೂ ನಾಲ್ಕು ಕಾಸು ಬರುತ್ತಿತ್ತು.

ಅಪ್ಪ ಷಡಕ್ಷರಪ್ಪನವರಿಗೆ ಮಾತ್ರ ಇದು ತಲೆಗೇ ಹತ್ತಿರಲಿಲ್ಲ. "ಮದ್ವೆ ವಯಸ್ಸು ದಾಟ್ತಾ ಬಂತು, ಇನ್ನೂ ಆಟದ ಸಾಮಾನು ಮುಂದಿಟ್ಕೊಂಡು ಕೂತಿದ್ದಾನೆ" ಎಂದು ಕೈಯಲ್ಲಿದ್ದ ಪೇಪರಿಗೆ ದೂರು ಹೇಳುತ್ತಿದ್ದರು. ಅಮ್ಮ ಜಯಶೀಲಮ್ಮನ ವರಸೆಯೇ ಬೇರೆ. ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ಮಗನ ವಿಡಿಯೋ ಹಾಕಿ ತೋರಿಸುತ್ತಿದ್ದರು.

ಮರುದಿನ ಯಾರೋ ವಿಡಿಯೋದ ಕೆಳಗೆ ಬರೆದರು: 'ನಮ್ಮನೇಲೂ ಅದೇ ಮೆಷಿನ್ ಇದೆ ಬ್ರದರ್, ಸದ್ದೇ ಇಲ್ಲ.' ಇನ್ನೂ ಒಂದಿಬ್ಬರು ಅದನ್ನೇ ಹೇಳಿದರು. 'ಬೇರೆ ಕಂಪನಿಯವರ ದುಡ್ಡು ತಿಂದು ಹೇಳ್ತಿದ್ದಾನೆ' ಅಂತಲೂ ಒಬ್ಬ ಬರೆದ. ಮಲ್ಲಿಕನಿಗೆ ಊಟ ಸೇರಲಿಲ್ಲ. ಅವನ ಹತ್ತಿರ ಇದ್ದದ್ದು ಜನರ ನಂಬಿಕೆಯೊಂದೇ, ಅದೂ ಹೋದರೆ ಅಪ್ಪನ ಮಾತೇ ನಿಜವಾಗುತ್ತಿತ್ತು. ಭದ್ರಾವತಿಯ ನ್ಯೂ ಟೌನಿನಲ್ಲಿ ಇಂಥ ಮೆಷಿನ್ ಬಿಚ್ಚಿ ರಿಪೇರಿ ಮಾಡುವ ಹಾಲೇಶ್ ಎಂಬವನಿದ್ದ. ತಮ್ಮ ತಂಗಿಯ ಮನೆಯೂ ಅಲ್ಲೇ ಎಂದು ಜಯಶೀಲಮ್ಮ ತಾವೂ ಹೊರಟರು. ಬಸ್ಸಿನಲ್ಲಿ ಟವೆಲ್ ಸುತ್ತಿದ ಮೆಷಿನ್ನನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಹಂಪು ಬಂದಾಗಲೆಲ್ಲ ಎರಡೂ ಕೈಯಲ್ಲಿ ಅವುಚಿ ಹಿಡಿದರು.

"ಬಿಚ್ಚೋದನ್ನೂ ಜನ ನೋಡ್ಲಿ ಹಾಲೇಶಣ್ಣ" ಎಂದು ಮಲ್ಲಿಕ್ ರಿಪೇರಿ ಅಂಗಡಿಯ ಮೇಜಿನ ಮೇಲಿದ್ದ ಸ್ಕ್ರೂ ಡಬ್ಬಕ್ಕೆ ಫೋನನ್ನು ಒರಗಿಸಿ ರೆಕಾರ್ಡಿಂಗ್ ಶುರು ಮಾಡಿದ. ಹಾಲೇಶ್ ಸ್ಕ್ರೂ ತೆಗೆದು, ಮುಚ್ಚಳ ಎತ್ತಿ, ಫ್ಯಾನ್ ಬಿಚ್ಚಿ ಮೇಜಿನ ಮೇಲೆ ಮೆಲ್ಲಗೆ ಕೊಡವಿದ. ಹಳದಿ ಅಕ್ಕಿಕಾಳುಗಳು ಉದುರಿದವು.

"ಇದೇನ್ ಮಾರಾಯ, ಮೆಷಿನ್‌ಗೆ ಚಿತ್ರಾನ್ನ ತಿನ್ಸಿದ್ಯಾ?"

ಮಲ್ಲಿಕ್ ನಗುತ್ತ ಅಮ್ಮನ ಕಡೆ ತಿರುಗಿದ. ಜಯಶೀಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಅದು ಅಕ್ಷತೆ ಕಣೋ. ನಾನೇ ಹಾಕಿದ್ದು, ಆಯುಧಪೂಜೆ ದಿನ."

ಅವನಿಗೆ ನೆನಪಾಯಿತು. ಅಂದು ಸ್ನಾನ ಮುಗಿಸಿ ಬಂದಾಗ ಮೆಷಿನ್ನಿನ ಮೇಲೆ ವಿಭೂತಿ ಪಟ್ಟೆ, ಕುಂಕುಮ, ಒಂದು ಸೇವಂತಿಗೆ ಹೂವು. ಮನೆಯ ಎಲ್ಲ ಸಾಮಾನಿಗೂ ಹಾಕಿದ ಹಾಗೆ ಇದಕ್ಕೂ ಹಾಕಿದ್ದಾರೆ ಎಂದುಕೊಂಡು, ನಗುತ್ತಲೇ ಒರೆಸಿ, ಹೂವನ್ನು ಎತ್ತಿಟ್ಟು ಆಟಕ್ಕೆ ಕೂತಿದ್ದ. ಕರಕರ ಸದ್ದು ಶುರುವಾದದ್ದು ಆಮೇಲೆಯೇ.

"ನಿಮ್ಮಪ್ಪ ಸ್ಕೂಟರ್‌ಗೆ ಮಾಡಿದ್ರು, ನನ್ನ ಹೊಲಿಗೆ ಮೆಷಿನ್‌ಗೆ ಮಾಡಿದ್ರು, ಈಳಿಗೆ ಮಣೇನೂ ಬಿಡ್ಲಿಲ್ಲ. ಇದೊಂದು ಬಿಟ್ರು. ಆಟದ ಸಾಮಾನಿಗೆ ಎಂಥ ಪೂಜೆ ಅಂದ್ರು" ಎಂದರು ಜಯಶೀಲಮ್ಮ. "ನನ್ನ ಮಗ ಇದ್ರಲ್ಲೇ ದುಡಿಯೋದು, ಇದೂ ಆಯುಧಾನೇ ಅಲ್ವಾ ಅನ್ನಿಸ್ತು. ಅವ್ರು ಆಚೆ ಹೋಗಿದ್ದು ನೋಡ್ಕೊಂಡು ಬೇಗ ಬೇಗ ಹಾಕ್ದೆ. ಮೇಲೆ ತೂತಿರೋದು ಕಾಣ್ಲಿಲ್ಲ ಕಣೋ. ನನ್ನಿಂದ ನಿನ್ ಮಾತು ಸುಳ್ಳಾಯ್ತಲ್ಲ. ಹೇಳ್ಬಿಡು ಎಲ್ರಿಗೂ, ನಮ್ಮಮ್ಮಂದೇ ತಪ್ಪು ಅಂತ."

ಹಾಲೇಶ್ ಮಲ್ಲಿಕನ ಕಿವಿಯ ಬಳಿ ಬಗ್ಗಿದ. "ಇಷ್ಟು ಭಾಗ ಕಟ್ ಮಾಡು ಮಾರಾಯ. ಧೂಳು ಹೊಕ್ಕಿತ್ತು ಅನ್ನು, ಮುಗೀತು."

ಸುಲಭದ ದಾರಿಯೇನೋ ಹೌದು. ಅಮ್ಮನ ಹೆಸರೂ ಉಳಿಯುತ್ತಿತ್ತು, ಅವನ ಹೆಸರೂ. ಆದರೆ ಮನೆಯಲ್ಲಿ ಒಬ್ಬರಿಗಾದರೂ ತನ್ನ ಕೆಲಸ ಕೆಲಸವಾಗಿ ಕಂಡಿತ್ತು ಎಂಬುದು ಅವನಿಗೆ ಗೊತ್ತಾದದ್ದು ಈಗ, ಈ ಮೇಜಿನ ಮೇಲೆ. ಅದನ್ನು ಧೂಳು ಎಂದು ಕರೆಯಲು ಬಾಯಿ ಬರಲಿಲ್ಲ. ಫೋನಿನತ್ತ ತಿರುಗಿದ.

"ಮೊನ್ನೆ ನಾನು ಹೇಳಿದ್ದು ತಪ್ಪು, ಕ್ಷಮಿಸಿ. ಮೆಷಿನ್ ಚೆನ್ನಾಗೇ ಇದೆ, ತಗೊಳ್ಳಿ. ಒಳಗೆ ಸಿಕ್ಕಿದ್ದು ಅಕ್ಷತೆ. ನಾನು ಮಾಡೋದೂ ಒಂದು ಕೆಲಸ ಅಂತ ನಮ್ಮನೇಲಿ ನಂಬಿದ್ದು ಒಬ್ರೇ. ಅವ್ರು ಹಾಕಿದ್ದು."

ಜಯಶೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾಲೇಶ್ ಬ್ರಷ್ ತೆಗೆದುಕೊಂಡು ಕಾಳುಗಳನ್ನು ಕಸದ ಬುಟ್ಟಿಯ ಕಡೆ ತಳ್ಳಲು ಹೊರಟ. ಮಲ್ಲಿಕ್ ಅವನ ಕೈ ತಡೆದು, ಕಾಳುಗಳನ್ನು ಒಂದೊಂದಾಗಿ ಆರಿಸಿ ಅಮ್ಮನ ಅಂಗೈಗೆ ಹಾಕಿದ. ಮೇಜಿನ ಪಕ್ಕದಲ್ಲೇ ಅವರ ಮುಂದೆ ತಲೆ ಬಗ್ಗಿಸಿ ನಿಂತ.

"ಈ ಸಲ ಇಲ್ಲಿ ಹಾಕಮ್ಮ."

"ಫೋನ್ ಇನ್ನೂ ಓಡ್ತಾ ಇದೆ ಮಾರಾಯ" ಎಂದ ಹಾಲೇಶ್.

"ಓಡ್ಲಿ ಬಿಡಣ್ಣ" ಎಂದ ಮಲ್ಲಿಕ್, ತಲೆ ಎತ್ತಲಿಲ್ಲ.